ಸಾವಿನ ದೇವರ ಪೂಜಾರಿಗಳು ಬೆಳಗಿನಿಂದ ಸಂಜೆವರೆಗೆ ಏನು ಮಾಡುತ್ತಾರೆ?

ಪ್ರಶ್ನೆ

ಗೆಳೆಯರ ಗುಂಪೊಂದಕ್ಕೆ ನಾನು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುತ್ತೇನೆ, ಅಂದರೆ ಒಬ್ಬೊಬ್ಬರೂ ಒಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ನಿಯಮಗಳು ಐದನೇ ಆವೃತ್ತಿಯವು, ಲೋಕ ಮಾತ್ರ ನಾನೇ ಕಟ್ಟಿದ್ದು. ಆ ಲೋಕದಲ್ಲಿ ಸಾವಿಗೊಬ್ಬ ದೇವರಿದ್ದಾನೆ. ಇಲ್ಲಿಯವರೆಗೆ ಅವನ ಗುಡಿ ಅಂದರೆ ತಲೆಬುರುಡೆಗಳ ಸಾಲು, ಕರಿ ನಿಲುವಂಗಿ ತೊಟ್ಟು ಪಿಸುಗುಡುವ ಪೂಜಾರಿಗಳು, ನೆಲಮಾಳಿಗೆಯಲ್ಲಿ ಬಲಿ. ಕಳೆದ ಸಲ ಆಟಗಾರರು ಒಂದು ಪೇಟೆಯಿಂದ ಆ ಪೂಜಾರಿಗಳನ್ನೆಲ್ಲ ಹೊಡೆದೋಡಿಸಿದರು. ಗೆದ್ದ ಖುಷಿಯಲ್ಲಿದ್ದಾಗ, ಮುದಿ ಸಿಪಾಯಿಯ ಪಾತ್ರ ಆಡುವ ಗೆಳತಿ ಕೇಳಿದಳು: "ಸರಿ, ನಾಳೆ ಈ ಊರಲ್ಲಿ ಯಾರಾದರೂ ಸತ್ತರೆ ಮಣ್ಣು ಮಾಡೋರು ಯಾರು?"

ಆ ಮಾತು ತಲೆಯಲ್ಲೇ ಕೂತಿದೆ. ಸಾವು ಎಲ್ಲರ ಮನೆಗೂ ಬರುತ್ತದೆ ಅಂದಮೇಲೆ ಸಾವಿನ ದೇವರ ಪೂಜಾರಿ ಎಲ್ಲರಿಗೂ ಬೇಕಾದವನು. ಸೂರ್ಯದೇವನ ಗುಡಿಗೆ ಹೋಗದೆ ಬದುಕಬಹುದು, ಸಮುದ್ರದೇವಿಗೆ ಕಾಯಿ ಒಡೆಯದೆ ಬದುಕಬಹುದು, ಇವರ ಕೈ ತಪ್ಪಿಸಿಕೊಂಡು ಹೋಗಲಿಕ್ಕಾಗದು. ಹಾಗಿದ್ದೂ ಕಲ್ಪನಾಲೋಕಗಳಲ್ಲಿ ಇವರು ಬಹುಪಾಲು ಖಳರ ಪಡೆಯಾಗಿಯೇ ಕಾಣಿಸಿಕೊಳ್ಳುತ್ತಾರೆ. ಸಾವಾದ ಮನೆಯಲ್ಲಿ, ಮನೆಯವರ ಕೈಕಾಲು ಆಡದೆ ಕೂತಿರುವಾಗ, ಬೇಕಾದ ಕೆಲಸವನ್ನೆಲ್ಲ ಮಾಡಿ ಮುಗಿಸಿ ಸದ್ದಿಲ್ಲದೆ ಹೊರಟುಹೋಗುವ ಜನರನ್ನು ನಾನು ಕಂಡಿದ್ದೇನೆ. ಅಂಥವರನ್ನು ಖಳರ ಸಾಲಿನಲ್ಲಿ ನಿಲ್ಲಿಸಲು ಮನಸ್ಸು ಒಪ್ಪುತ್ತಿಲ್ಲ.

ಹಾಗಾಗಿ ಈ ಗುಡಿಯನ್ನು ಬುಡದಿಂದ ಕಟ್ಟಬೇಕು ಅಂತಿದ್ದೇನೆ. ಪೇಟೆಗೆ ಹೊಸ ಪೂಜಾರಿಣಿಯೊಬ್ಬಳು ಬರುತ್ತಾಳೆ. ಅರವತ್ತು ದಾಟಿದವಳು, ಬೂದುಬಣ್ಣದ ಸೀರೆ, ಕಂಕುಳಲ್ಲಿ ಒಂದು ದಪ್ಪ ಪುಸ್ತಕ. ಆ ಪುಸ್ತಕದಲ್ಲಿ ಸತ್ತವರ ಹೆಸರು ಬರೆಯುತ್ತಾಳೆ. ಸದ್ಯಕ್ಕೆ ನನ್ನ ಹತ್ತಿರ ಇರುವುದು ಇಷ್ಟೇ. ಜನ ಅವಳನ್ನು ಬೇಡವೆನ್ನಲಾರರು, ಮದುವೆಗೆ ಕರೆಯಲಾರರು. ಈ ಎರಡೂ ಒಟ್ಟಿಗೆ ನಿಲ್ಲಬೇಕು. ಅವಳ ಹೊಟ್ಟೆಪಾಡು ಏನು? ಇಂಥ ಕೆಲಸಕ್ಕೆ ಯಾರಾದರೂ ಯಾಕೆ ಬರುತ್ತಾರೆ? ಸತ್ತವರನ್ನು ಬದುಕಿಸುವ ಮಂತ್ರ ಇರುವ ಲೋಕದಲ್ಲಿ ಅವಳು ಆ ಮಂತ್ರವನ್ನು ಏನೆಂದು ತಿಳಿಯುತ್ತಾಳೆ? ನಮ್ಮ ಗುಂಪಿನಲ್ಲಿ ಸೂರ್ಯದೇವನ ಕ್ಲೆರಿಕ್ (ದೇವರ ಶಕ್ತಿಯಿಂದ ಮಂತ್ರ ಹಾಕುವ ಪೂಜಾರಿ ಪಾತ್ರ) ಒಬ್ಬನಿದ್ದಾನೆ, ಇವಳ ಮೇಲೆ ಹರಿಹಾಯುವುದು ಖಂಡಿತ. ಅವನಿಗೆ ಅವಳು ಎದುರು ನಿಂತು ಹೇಳಬಹುದಾದ ಮಾತು ಏನು?

ಒಂದು ಕೋರಿಕೆ. ಅವಳು ಒಳಗೊಳಗೆ ದುಷ್ಟಳು ಎಂದು ಕೊನೆಗೆ ತೋರಿಸುವ ತಿರುವು ನನಗೆ ಬೇಡವೇ ಬೇಡ.

ಉತ್ತರ 1

ಪುಸ್ತಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಿಮ್ಮ ಗುಡಿಯ ಜೀವ ಅದರಲ್ಲೇ ಇದೆ.

ಪ್ರಾಚೀನ ರೋಮ್‌ನಲ್ಲಿ ಲಿಬಿಟಿನಾ ಎಂಬ ದೇವತೆ ಇದ್ದಳು, ಶವಸಂಸ್ಕಾರದ ದೇವತೆ. ಅವಳ ತೋಪಿನಲ್ಲೇ ಶವಸಂಸ್ಕಾರದ ಗುತ್ತಿಗೆದಾರರ ನೆಲೆ. ಚಟ್ಟ, ಪಂಜು, ಹೊರುವ ಆಳು, ಅಳುವ ಹೆಂಗಸರು ಎಲ್ಲವೂ ಅಲ್ಲಿ ಬಾಡಿಗೆಗೆ ಸಿಗುತ್ತಿತ್ತು. ಸರ್ವಿಯಸ್ ಟುಲಿಯಸ್ ಎಂಬ ದೊರೆ ಒಂದು ಕಟ್ಟಳೆ ಮಾಡಿದ ಎಂದು ಇತಿಹಾಸಕಾರ ಡಯೊನೀಸಿಯಸ್ ಬರೆಯುತ್ತಾನೆ: ಮಗು ಹುಟ್ಟಿದರೆ ಹೆರಿಗೆಯ ದೇವತೆಯ ಭಂಡಾರಕ್ಕೆ ಒಂದು ನಾಣ್ಯ, ಹುಡುಗ ಪ್ರಾಯಕ್ಕೆ ಬಂದರೆ ಯೌವನದ ದೇವತೆಗೆ ಒಂದು, ಯಾರಾದರೂ ಸತ್ತರೆ ಲಿಬಿಟಿನಾಳ ಭಂಡಾರಕ್ಕೆ ಒಂದು. ನಾಣ್ಯ ಎಣಿಸಿದರೆ ಊರಿನ ಜನಸಂಖ್ಯೆ ತಿಳಿಯಿತು. ಚಕ್ರವರ್ತಿ ನೀರೋ ಕಾಲದಲ್ಲಿ ಒಂದೇ ಶರತ್ಕಾಲದ ಪಿಡುಗಿನಲ್ಲಿ ಲಿಬಿಟಿನಾಳ ಲೆಕ್ಕಕ್ಕೆ 30,000 ಶವ ಸೇರಿದವು ಎಂದು ರೋಮ್‌ನ ಲೇಖಕ ಸ್ವೆಟೋನಿಯಸ್ ಬರೆದಿದ್ದಾನೆ. ಅಂದರೆ ಅಷ್ಟು ದೊಡ್ಡ ರಾಜಧಾನಿಯಲ್ಲಿ ಯಾರು ಸತ್ತರು, ಎಷ್ಟು ಜನ ಸತ್ತರು ಎಂಬುದಕ್ಕೆ ಸಾಕ್ಷಿ ಸಾವಿನ ದೇವತೆಯ ಕಡತ.

ಈಗ ನಿಮ್ಮ ಮುದುಕಿಯ ಕೈಯಲ್ಲಿರುವ ಪುಸ್ತಕ ಏನೇನು ಮಾಡಬಲ್ಲದು ನೋಡಿ. ಯಾರ ಆಸ್ತಿ ಯಾರಿಗೆ, ಯಾವ ಹೆಂಗಸು ವಿಧವೆ, ಯಾವ ಸೈನಿಕ ಸತ್ತ, ಯಾವನು ಬರೀ ಕಾಣೆಯಾದ, ಎಲ್ಲ ಅವಳ ಬರಹದ ಮೇಲೆ ನಿಂತಿದೆ. ದೊರೆ ಗುಟ್ಟಾಗಿ ಕೊಲ್ಲಿಸಿದವನ ಹೆಸರನ್ನು ಅವಳು ಬರೆಯದೆ ಬಿಡಲಾರಳು. ಬರೆಯಬೇಡ ಎಂದು ಅರಮನೆಯಿಂದ ಒಂದು ದಿನ ಆಳು ಬರುತ್ತಾನೆ. ಆ ದಿನ ನಿಮ್ಮ ಆಟಗಾರರು ಯಾರ ಪಕ್ಕ ನಿಲ್ಲುತ್ತಾರೆ ಎಂಬುದೇ ಒಂದು ಇಡೀ ಕಥೆ.

ಬೇಕು, ಆದರೂ ಹತ್ತಿರ ಬೇಡ ಎನ್ನುವ ಸ್ಥಿತಿಗೂ ಇತಿಹಾಸದಲ್ಲಿ ಒಳ್ಳೆಯ ಆಧಾರವಿದೆ. ಇಟಲಿಯ ಪುಟಿಯೋಲಿ ಎಂಬ ಬಂದರು ಪಟ್ಟಣದ ಶಾಸನವೊಂದು ಸಿಕ್ಕಿದೆ, ಸುಮಾರು ಎರಡು ಸಾವಿರ ವರ್ಷ ಹಳೆಯದು. ಶವಸಂಸ್ಕಾರದ ಗುತ್ತಿಗೆ ಹಿಡಿದವನು ಪಾಲಿಸಬೇಕಾದ ಕರಾರುಗಳು ಅದರಲ್ಲಿವೆ. ಕನಿಷ್ಠ 32 ಆಳುಗಳಿರಬೇಕು, 20 ವರ್ಷಕ್ಕೆ ಕಡಿಮೆ ಅಥವಾ 50ಕ್ಕೆ ಮೇಲೆ ಇರಬಾರದು. ಅವರು ಊರೊಳಗೆ ವಾಸಿಸುವಂತಿಲ್ಲ. ಕತ್ತಲಾದ ಮೇಲೆಯೇ ಸ್ನಾನ. ಕೆಲಸವಿದ್ದಾಗ ಮಾತ್ರ ಊರಿಗೆ ಬರಬೇಕು, ಬರುವಾಗ ತಲೆಗೆ ಬಣ್ಣದ ಟೋಪಿ. ಶವವನ್ನು ಕೊಕ್ಕೆ ಹಾಕಿ ಎಳೆಯಬೇಕಾಗಿ ಬಂದರೆ ಕೆಂಪು ಬಟ್ಟೆ ತೊಟ್ಟು, ಗಂಟೆ ಬಾರಿಸುತ್ತಾ ಎಳೆಯಬೇಕು. ಯಾರಾದರೂ ನೇಣು ಹಾಕಿಕೊಂಡ ಸುದ್ದಿ ಬಂದರೆ ಒಂದು ತಾಸಿನೊಳಗೆ ಇಳಿಸಿ ಒಯ್ಯಬೇಕು. ಈ ಕೊನೆಯ ಕರಾರನ್ನು ಓದಿದಾಗ ನನಗೆ ಆ ಆಳುಗಳ ಮೇಲೆ ಎಂಥ ಗೌರವ ಮೂಡಿತೆಂದು ಹೇಳಲಾರೆ. ಊರು ಅವರನ್ನು ಹೊರಗಿಟ್ಟಿದೆ. ಅದೇ ಊರು, ತನ್ನ ಕೈಲಿ ಮುಟ್ಟಲಾಗದ ಸಾವು ಕಂಡ ಗಳಿಗೆಯಲ್ಲಿ, ಒಂದು ಗಂಟೆ ಕೂಡ ಅವರಿಲ್ಲದೆ ಇರಲಾರದು.

ಇನ್ನೊಂದು ಸಂಗತಿ, ಗುಡಿಯೊಳಗಿನ ಮೇಲು ಕೀಳು. ಈಜಿಪ್ಟ್‌ನಲ್ಲಿ ಶವಕ್ಕೆ ಲೇಪನ ಮಾಡುವವರಿಗೆ ಮರ್ಯಾದೆ ಇತ್ತು, ಅವರು ದೇವಾಲಯದ ಪುರೋಹಿತರ ಜೊತೆ ಓಡಾಡುತ್ತಿದ್ದರು. ಆದರೆ ಪಕ್ಕೆಯಲ್ಲಿ ಮೊದಲ ಸೀಳು ಹಾಕುವವನೊಬ್ಬ ಇದ್ದ. ಸೀಳು ಹಾಕಿದ ತಕ್ಷಣ ಅವನು ಓಡಬೇಕು, ಅಲ್ಲಿದ್ದವರು ಕಲ್ಲು ಬೀಸಿ ಶಪಿಸುತ್ತಾ ಅಟ್ಟಿಸಿಕೊಂಡು ಹೋಗುತ್ತಿದ್ದರು ಎಂದು ಗ್ರೀಕ್ ಇತಿಹಾಸಕಾರ ಡಯೊಡೋರಸ್ ಬರೆಯುತ್ತಾನೆ. ಮನುಷ್ಯನ ಮೈಗೆ ಗಾಯ ಮಾಡಿದವನು ದ್ವೇಷಕ್ಕೆ ಪಾತ್ರ ಎಂಬ ನಂಬಿಕೆ ಅದರ ಹಿಂದಿತ್ತು. ನಿಮ್ಮ ಮುದುಕಿಯ ಜೊತೆ ಒಬ್ಬ ಹುಡುಗನಿರಲಿ. ಅವಳಿಗೆ ಹೆಸರಾದರೂ ಇದೆ, ಅವನಿಗೆ ಕಲ್ಲು ಮಾತ್ರ. ಆಟಗಾರರ ಮನಸ್ಸು ಅವನ ಕಡೆ ಮೊದಲು ಓಡುತ್ತದೆ ಎಂದು ನನ್ನ ಎಣಿಕೆ.

ಹೊಟ್ಟೆಪಾಡಿಗೂ ಈಜಿಪ್ಟೇ ದಾರಿ ತೋರಿಸುತ್ತದೆ. ಗ್ರೀಕ್ ದೊರೆಗಳ ಆಳ್ವಿಕೆಯ ಕಾಲದಲ್ಲಿ ಥೀಬ್ಸ್ ನಗರದಲ್ಲಿ ಸಮಾಧಿಗಳಿಗೆ ನೀರು ಬಿಡುವುದೇ ಕಸುಬಾದ ಮನೆತನಗಳಿದ್ದವು. ಯಾವ ಸಮಾಧಿಯ ಸೇವೆ ಯಾರದು ಎಂಬುದು ಆಸ್ತಿಯಂತೆ ಮಕ್ಕಳಿಗೆ ಪಾಲಾಗುತ್ತಿತ್ತು, ಕ್ರಯಕ್ಕೂ ಹೋಗುತ್ತಿತ್ತು. ಅವರ ವ್ಯಾಜ್ಯದ ಕಾಗದಗಳು ಇಂದಿಗೂ ಉಳಿದಿವೆ. ಹಾಗಾಗಿ ಈ ಕೆಲಸಕ್ಕೆ ಯಾಕೆ ಬರುತ್ತಾರೆ ಎಂದರೆ, ಎಷ್ಟೋ ಜನ ಹುಟ್ಟಿನಿಂದಲೇ ಬರುತ್ತಾರೆ. ನಿಮ್ಮ ಮುದುಕಿ ಹುಟ್ಟಿನಿಂದ ಬಂದವಳೋ, ತಾನಾಗಿ ಬಂದವಳೋ ಎಂದು ಮೊದಲು ತೀರ್ಮಾನಿಸಿ. ಅವಳ ಮಾತಿನ ಧಾಟಿ ಅದರಿಂದಲೇ ಹುಟ್ಟುತ್ತದೆ.

ಉತ್ತರ 2

ಮೇಲಿನವರು ಪೂಜಾರಿಗಳ ಬಗ್ಗೆ ಹೇಳಿದ್ದಾರೆ, ನಾನು ದೇವರ ಬಗ್ಗೆ ಎರಡು ಮಾತು ಹೇಳುತ್ತೇನೆ.

ಕಠೋಪನಿಷತ್ತಿನಲ್ಲಿ ನಚಿಕೇತ ಯಮನ ಮನೆಗೆ ಹೋಗುತ್ತಾನೆ. ಯಮ ಮನೆಯಲ್ಲಿಲ್ಲ. ಹುಡುಗ ಮೂರು ರಾತ್ರಿ ಅನ್ನವಿಲ್ಲದೆ ಬಾಗಿಲಲ್ಲಿ ಕಾಯುತ್ತಾನೆ. ಬಂದ ಯಮ ಆ ಹುಡುಗನಿಗೆ ನಮಸ್ಕರಿಸುತ್ತಾನೆ, ಮನೆಗೆ ಬಂದ ಅತಿಥಿ ಉಪವಾಸವಿದ್ದನಲ್ಲ ಎಂದು ರಾತ್ರಿಗೊಂದರಂತೆ ಮೂರು ವರ ಕೊಡುತ್ತಾನೆ. ಮೂರನೆಯ ವರವಾಗಿ ಹುಡುಗ ಸಾವಿನ ಆಚೆಗೇನಿದೆ ಎಂದು ಕೇಳಿದಾಗ, ಬೇರೇನಾದರೂ ಕೇಳು ಎಂದು ಆನೆ, ಕುದುರೆ, ಚಿನ್ನ, ದೀರ್ಘಾಯುಸ್ಸು ಎಲ್ಲದರ ಆಸೆ ತೋರಿಸುತ್ತಾನೆ. ಕೊನೆಗೆ ಹೇಳುತ್ತಾನೆ, ಯಾಕೆಂದರೆ ಮಾತು ಕೊಟ್ಟಾಗಿದೆ. ಸಾವಿತ್ರಿಯ ಕಥೆಯಲ್ಲೂ ಅಷ್ಟೇ: ಕೊಟ್ಟ ಮಾತು ಯಮನನ್ನು ಕಟ್ಟಿಹಾಕುತ್ತದೆ, ಗಂಡನ ಪ್ರಾಣ ಹಿಂದೆ ಬರುತ್ತದೆ.

ಯಾರೂ ತಡೆಯಲಾಗದವನನ್ನು ಒಂದು ನಿಯಮ ತಡೆಯುತ್ತದೆ. ಅವನ ದೊಡ್ಡತನವೇ ಅದು. ನಿಮ್ಮ ದೇವರಿಗೂ ತಾನು ಮೀರಲಾರದ ಒಂದೇ ಒಂದು ಕಟ್ಟು ಕೊಡಿ. ಅವನ ಪೂಜಾರಿಗಳು ಪೂಜಿಸುವುದು ಕೊಲ್ಲುವ ಶಕ್ತಿಯನ್ನಲ್ಲ, ಆ ಕಟ್ಟನ್ನು. ನಿಮ್ಮ ಸೂರ್ಯದೇವನ ಕ್ಲೆರಿಕ್‌ಗೆ ಆ ಮುದುಕಿ ಹೇಳಬಹುದಾದ ಮಾತೂ ಅಲ್ಲೇ ಸಿಗುತ್ತದೆ: "ನಿನ್ನ ದೇವರಿಗೆ ಬಡವನ ಮನೆಯ ಕತ್ತಲು ಕಾಣದೆ ಹೋಗಬಹುದು. ನನ್ನವನು ಯಾವ ಮನೆಯನ್ನೂ ಬಿಟ್ಟವನಲ್ಲ."

ಉತ್ತರ 3

ನಾನು ವರ್ಷಗಟ್ಟಲೆ ಇದೇ ಐದನೇ ಆವೃತ್ತಿ (2014ರ ನಿಯಮಪುಸ್ತಕ) ಆಡಿಸ್ತಿದ್ದೀನಿ. ನೀವು ಕೇಳಿದ ಅರ್ಧ ಪ್ರಶ್ನೆಗೆ ಉತ್ತರ ನಿಯಮದಲ್ಲೇ ಇದೆ, ಯಾರೂ ಅದನ್ನ ಕಥೆಯಾಗಿ ಓದಲ್ಲ ಅಷ್ಟೇ.

ಬದುಕಿಸೋ ಮಂತ್ರಗಳ ಖರ್ಚು ನೋಡಿ. ಸತ್ತು ಒಂದು ನಿಮಿಷದೊಳಗಾದ್ರೆ 300 ಚಿನ್ನದ ನಾಣ್ಯದ ವಜ್ರ. ಹತ್ತು ದಿನದೊಳಗಾದ್ರೆ 500ರ ವಜ್ರ. ನೂರು ವರ್ಷದ ತನಕ ಅಂದ್ರೆ 1,000. ಇನ್ನೂರು ವರ್ಷದ ತನಕ, ಮೈ ಕೂಡ ಉಳಿದಿಲ್ಲ ಅಂದ್ರೆ 25,000. ವಜ್ರ ಸುಟ್ಟೇ ಹೋಗುತ್ತೆ, ವಾಪಸ್ ಸಿಗಲ್ಲ. ನಿಮ್ಮ ಪೇಟೆಯ ಚಮ್ಮಾರನ ಮಗಳು ಸತ್ರೆ ಸತ್ತಳು. ಜಮೀನ್ದಾರನ ಮಗ ಸತ್ರೆ ವಾರದೊಳಗೆ ಎದ್ದು ಕೂರ್ತಾನೆ. ನಿಮ್ಮ ಪೂಜಾರಿಣಿಗೆ ಕೋಪ ಬರಬೇಕಾದ್ದು ಇಲ್ಲಿ. ಬದುಕಿಸೋದು ಪಾಪ ಅಂತ ಅವಳು ಹೇಳಬೇಕಿಲ್ಲ. ಎಲ್ಲರಿಗೂ ಸಮ ಅಂತ ಇದ್ದ ಒಂದೇ ಬಾಗಿಲಿಗೆ ಯಾರೋ ಬೀಗ ಹಾಕಿ ಕೀಲಿ ಮಾರ್ತಿದ್ದಾರೆ ಅಂತ ಹೇಳ್ತಾಳೆ. ಆ ಕೀಲಿ ಮಾರೋ ಗುಡಿ ಬಹುಶಃ ನಿಮ್ಮ ಸೂರ್ಯದೇವನದ್ದೇ. ಜಗಳ ತಾನಾಗೇ ಹುಟ್ಟುತ್ತೆ, ಇಬ್ಬರಲ್ಲಿ ಯಾರೂ ಕೆಟ್ಟವರಾಗಬೇಕಿಲ್ಲ. ಅಂದಹಾಗೆ 25,000ದ ಮಂತ್ರ ಕೂಡ ಮುಪ್ಪಿನಿಂದ ಸತ್ತವರನ್ನ ಎಬ್ಬಿಸಲ್ಲ. ಮೇಲಿನವರು ಹೇಳಿದ ಆ ಕಟ್ಟು ಬೇಕಿದ್ರೆ ಅದೇ ಆಗಲಿ.

ಇನ್ನೊಂದು ನಿಯಮ ನನಗೆ ತುಂಬ ಇಷ್ಟ. ಆತ್ಮಕ್ಕೆ ಇಷ್ಟ ಇಲ್ಲದಿದ್ರೆ ವಾಪಸ್ ಬರಲ್ಲ. ಕರೀತಿರೋರ ಹೆಸರು, ಅವರ ಗುಣ, ಅವರು ಯಾವ ದೇವರ ಕಡೆಯವರು ಅನ್ನೋದು ಅದಕ್ಕೆ ಗೊತ್ತಾಗುತ್ತೆ, ನೋಡಿ ಬೇಡ ಅನ್ನಬಹುದು. ಹಾಗಾದ್ರೆ ಮಗನನ್ನ ಎಬ್ಬಿಸೋಕೆ ವಜ್ರ ತಂದ ಅಪ್ಪನಿಗೆ "ಅವನು ಬರಲ್ಲ ಅಂತಾನೆ" ಅಂತ ಹೇಳೋ ಕೆಲಸ ಯಾರದು? ಆ ಮಾತು ಹೇಳೋಕೆ ಕಲಿತವರೇ ಈ ಪೂಜಾರಿಗಳು. ನನ್ನ ಆಟದಲ್ಲಿ ಇಂಥ ಒಂದು ಸಂದರ್ಭ ಬಂದಾಗ ಮೇಜಿನ ಸುತ್ತ ಇದ್ದವರೆಲ್ಲ ದಾಳ ಕೆಳಗಿಟ್ಟು ಕೇಳಿದ್ರು.

ದಿನದ ಕೆಲಸಕ್ಕೆ ಎರಡು ಮಂತ್ರ ಸಾಕು. ಶವ ಕೆಡದ ಹಾಗೆ ಕಾಯೋ ಮಂತ್ರಕ್ಕೆ ಬೇಕಾಗೋದು ಒಂದು ಚಿಟಿಕೆ ಉಪ್ಪು, ಕಣ್ಣಿಗೊಂದರಂತೆ ಎರಡು ತಾಮ್ರದ ಕಾಸು. ಹತ್ತು ದಿನ ಕೆಡಲ್ಲ, ಆ ಹತ್ತು ದಿನ ಯಾವ ಮಾಂತ್ರಿಕನೂ ಆ ಶವವನ್ನ ಪ್ರೇತವಾಗಿ ಎಬ್ಬಿಸೋಕಾಗಲ್ಲ. ದೂರದ ಊರಿಂದ ಮಗ ಬರೋ ತನಕ ಅಮ್ಮನ ಮುಖ ಹಾಗೇ ಇರುತ್ತೆ. ಅದೂ ಎರಡು ಕಾಸಿಗೆ! ಬಡವರ ಮನೇಲಿ ಈ ಗುಡಿಗೆ ಯಾಕೆ ಮರ್ಯಾದೆ ಅಂತ ಬೇರೆ ಹೇಳಬೇಕಾ?

ಎರಡನೆಯದು ಶವದ ಹತ್ತಿರ ಮಾತಾಡಿಸೋದು. ಐದೇ ಪ್ರಶ್ನೆ. ಬಾಯಿ ಉಳಿದಿರಬೇಕು. ಒಮ್ಮೆ ಕೇಳಿದ ಮೇಲೆ ಹತ್ತು ದಿನ ಮತ್ತೆ ಕೇಳೋ ಹಾಗಿಲ್ಲ. ಕೇಳೋರು ಶತ್ರು ಅನ್ನಿಸಿದ್ರೆ ಶವ ನಿಜ ಹೇಳಬೇಕು ಅಂತಿಲ್ಲ. ಕೊಲೆ ಆದಾಗ ಊರಿನ ಕೊತ್ವಾಲ ನಿಮ್ಮ ಮುದುಕಿಯ ಬಾಗಿಲಿಗೆ ಬರ್ತಾನೆ. ಐದರಲ್ಲಿ ನಾಲ್ಕು ಪ್ರಶ್ನೆ ಅವನಿಗೆ ಬಿಟ್ಟುಕೊಡ್ತಾಳೆ, ಒಂದನ್ನ ಮನೆಯವರಿಗೆ ಅಂತ ಎತ್ತಿಡ್ತಾಳೆ. ಇದು ನಿಯಮದಲ್ಲಿ ಇಲ್ಲ, ನಾನು ನನ್ನ ಲೋಕದಲ್ಲಿ ಮಾಡಿಕೊಂಡ ಪದ್ಧತಿ. ಬೇಕಿದ್ರೆ ತಗೊಳ್ಳಿ.

ಪ್ರಶ್ನೆ ಕೇಳಿದವರು

ಉಪ್ಪು ಮತ್ತು ಎರಡು ಕಾಸು ಸಿಕ್ಕ ಮೇಲೆ ನನಗೆ ಅವಳ ಚೀಲದಲ್ಲಿ ಏನೇನಿದೆ ಎಂದು ಕಾಣತೊಡಗಿದೆ. ಐದನೇ ಪ್ರಶ್ನೆಯನ್ನೂ ತೆಗೆದುಕೊಳ್ಳುತ್ತಿದ್ದೇನೆ, ತುಂಬ ಥ್ಯಾಂಕ್ಸ್.

ತೀರ್ಮಾನಿಸಿದ್ದು ಇಷ್ಟು: ಅವಳು ತಾನಾಗಿ ಬಂದವಳು. ಮೊದಲು ಸೂಲಗಿತ್ತಿಯಾಗಿದ್ದಳು. ರೋಮ್‌ನ ಆ ಎರಡು ಭಂಡಾರಗಳ ವಿಷಯ ಓದಿದಾಗಲೇ ಹೊಳೆಯಿತು. ಊರಿನ ಅರ್ಧ ಜನರನ್ನು ಅವಳೇ ಈ ಲೋಕಕ್ಕೆ ಇಳಿಸಿಕೊಂಡವಳು, ಈಗ ಅವರ ಹೆಸರನ್ನು ಇನ್ನೊಂದು ಪುಸ್ತಕದಲ್ಲಿ ಬರೆಯುತ್ತಾಳೆ. ಕಲ್ಲೇಟು ತಿನ್ನುವ ಹುಡುಗನೂ ಇರುತ್ತಾನೆ.

ಇನ್ನೆರಡು ಉಳಿದಿವೆ. ದೇವರು ಸತ್ತವರಿಗೆ ತೀರ್ಪು ಕೊಡಬೇಕಾ? ಒಳ್ಳೆಯವರಿಗೆ ಒಳ್ಳೆಯದು ಮಾಡುವ ದಯಾಳು ಆಗಿದ್ದರೆ ಚೆಂದ ಎಂದು ನನ್ನ ಮನಸ್ಸಿಗೆ. ಮತ್ತೆ, ಕಥೆಯ ಮುಂದಿನ ಭಾಗದಲ್ಲಿ ಪೇಟೆಗೆ ಸಾಂಕ್ರಾಮಿಕ ರೋಗ ತರುವ ಯೋಚನೆಯಿದೆ. ಒಬ್ಬಳು ಮುದುಕಿ, ಒಬ್ಬ ಹುಡುಗ. ಆಗ ಈ ಗುಡಿ ಏನು ಮಾಡೀತು?

ಉತ್ತರ 4

ದಯಾಳು ತೀರ್ಪುಗಾರನ ಬಗ್ಗೆ ಎಚ್ಚರ. ಇದೇ ಆಟದ ಫರ್ಗಾಟನ್ ರೆಲ್ಮ್ಸ್ ಲೋಕದಲ್ಲಿ ಇದನ್ನು ಮಾಡಿ ನೋಡಿದ್ದಾರೆ, ಅದರ ಪರಿಣಾಮ ಬಹಳ ಯೋಚಿಸುವಂಥದ್ದು.

ಅಲ್ಲಿ ಸಾವಿನ ಪಟ್ಟ ಕೈಯಿಂದ ಕೈಗೆ ಹೋಗಿದೆ. ಮೊದಲು ಜೆರ್ಗಲ್. ಅವನು ಬೇಸತ್ತು ಅಧಿಕಾರವನ್ನು ಮೂವರು ಮನುಷ್ಯರಿಗೆ ಬಿಟ್ಟುಕೊಟ್ಟ, ಸತ್ತವರ ಪಾಲು ಮಿರ್ಕುಲ್‌ಗೆ ಬಂತು. ಜೆರ್ಗಲ್ ಮಾತ್ರ ಎಲ್ಲೂ ಹೋಗಲಿಲ್ಲ, ಬಂದ ಪ್ರತಿಯೊಬ್ಬ ಹೊಸ ಒಡೆಯನ ಕೈಕೆಳಗೆ ಲೆಕ್ಕ ಬರೆಯುತ್ತಾ ಉಳಿದ. ಮಿರ್ಕುಲ್ ಜನರನ್ನು ಹೆದರಿಸಿಯೇ ಆಳಿದ. ಆ ಲೋಕದ ಲೆಕ್ಕದಲ್ಲಿ 1358ರಲ್ಲಿ ದೇವರುಗಳೆಲ್ಲ ನೆಲಕ್ಕಿಳಿಯಬೇಕಾದಾಗ ಅವನು ಸತ್ತ, ಪಟ್ಟ ಸಿರಿಕ್ ಎಂಬ ಕ್ರೂರಿಯ ಪಾಲಾಯಿತು. ಸಿರಿಕ್‌ನ ಕೈಯಲ್ಲಿ ಕೊಲೆಯಾದ ಬಾಡಿಗೆ ಸೈನಿಕ ಕೆಲೆಮ್ವೋರ್ 1368ರಲ್ಲಿ ಅವನನ್ನೇ ಇಳಿಸಿ ಸತ್ತವರ ದೇವರಾದ.

ಕೆಲೆಮ್ವೋರ್ ಮನುಷ್ಯನಾಗಿದ್ದವನು, ಹಾಗಾಗಿ ಮನುಷ್ಯನಂತೆಯೇ ತೀರ್ಪು ಕೊಟ್ಟ. ಯಾವ ದೇವರನ್ನು ನಂಬಿದೆ ಎಂದು ನೋಡಲಿಲ್ಲ, ಎಷ್ಟು ಒಳ್ಳೆಯವನಾಗಿ ಬಾಳಿದೆ ಎಂದು ನೋಡಿದ. ಒಳ್ಳೆಯವರಿಗೆ ಸಾವಿನ ಆಚೆ ಸುಖ ಖಾತ್ರಿಯಾಯಿತು. ಏನಾಯಿತು ಗೊತ್ತೇ? ಧೈರ್ಯವಂತರು ಜೀವಕ್ಕೆ ಬೆಲೆ ಕೊಡುವುದನ್ನೇ ಬಿಟ್ಟು ಸಾವಿಗೆ ನುಗ್ಗತೊಡಗಿದರು. ಉಳಿದ ದೇವರುಗಳಿಗೆ ಭಕ್ತರು ಕಡಿಮೆಯಾದರು. ಕೊನೆಗೆ ದೇವರುಗಳ ಸಭೆಯಲ್ಲಿ ಅವನ ಮೇಲೇ ವಿಚಾರಣೆ ನಡೆಯಿತು, ಅವನು ತನ್ನೊಳಗಿನ ಮನುಷ್ಯನನ್ನು ಬದಿಗಿಟ್ಟು ಪಕ್ಷವಿಲ್ಲದ, ತಣ್ಣನೆಯ ನ್ಯಾಯಾಧೀಶನಾದ.

ನನಗೆ ಇದರಲ್ಲಿ ಎದೆಗೆ ತಾಕುವುದು ಅವನ ಪೂಜಾರಿಗಳ ಪಾಡು. ದೇವರು ತಣ್ಣಗಾದ, ಅವರು ತಣ್ಣಗಾಗಲಿಲ್ಲ. ಸಾಯುವವರ ಪಕ್ಕ ಕೂರುವುದು, ಸಂಸ್ಕಾರ ಮಾಡುವುದು, ಎದ್ದು ಓಡಾಡುವ ಶವಗಳನ್ನು ಹುಡುಕಿ ಶಾಂತಿ ಕೊಡುವುದು, ಎಲ್ಲ ಮುಂದುವರಿಯಿತು. ದಯೆ ಬೇಕಾದ್ದು ಬಾಗಿಲಿನ ಈಚೆ. ಆಚೆ ಬೇಕಾದ್ದು ನ್ಯಾಯ. ನಿಮ್ಮ ದೇವರು ಮಾತೇ ಆಡದಿರಲಿ, ತೀರ್ಪನ್ನೂ ಯಾರಿಗೂ ತಿಳಿಸದಿರಲಿ. ಆಚೆ ಏನಿದೆ ಎಂದು ಆಟಗಾರರು ಕೇಳಿದಾಗ ಆ ಮುದುಕಿಗೂ ಗೊತ್ತಿಲ್ಲದಿರಲಿ. ಗೊತ್ತಿಲ್ಲದೆಯೂ ಕೈ ಹಿಡಿದು ಕೂರುವವಳು ಅವಳು.

ಉತ್ತರ 1 ಬರೆದವರು

ಸೂಲಗಿತ್ತಿಯ ಯೋಚನೆ ಬಹಳ ಚೆನ್ನಾಗಿದೆ, ಬಿಡಬೇಡಿ.

ಪಿಡುಗಿನ ಬಗ್ಗೆ. 1349ರ ಜನವರಿಯಲ್ಲಿ, ಕಪ್ಪು ಸಾವು ಎಂಬ ಪ್ಲೇಗ್ ಇಂಗ್ಲೆಂಡನ್ನು ಮುರಿದು ಹಾಕುತ್ತಿದ್ದಾಗ, ಬಾತ್ ಮತ್ತು ವೆಲ್ಸ್ ಪ್ರಾಂತದ ಬಿಷಪ್ ಒಂದು ಪತ್ರ ಕಳಿಸಿದ. ಪಾದ್ರಿಗಳು ಸತ್ತಿದ್ದಾರೆ, ಉಳಿದವರು ರೋಗಿಗಳ ಹತ್ತಿರ ಹೋಗಲು ಒಪ್ಪುತ್ತಿಲ್ಲ. ಹಾಗಾಗಿ ಪಾದ್ರಿ ಸಿಗದಿದ್ದರೆ ಸಾಯುವವನು ತನ್ನ ಪಾಪನಿವೇದನೆಯನ್ನು ಯಾವ ಸಾಮಾನ್ಯನ ಮುಂದಾದರೂ ಮಾಡಬಹುದು, ಗಂಡಸು ಸಿಗದಿದ್ದರೆ ಹೆಂಗಸಿನ ಮುಂದೆಯೂ ಆಗಬಹುದು ಎಂದು ಅದರಲ್ಲಿತ್ತು. ಆ ಕಾಲಕ್ಕೆ ಅದು ಎಂಥ ಮಾತು ಯೋಚಿಸಿ. ಪೌರೋಹಿತ್ಯ ಒಂದೇ ಪತ್ರದಲ್ಲಿ ಬೀದಿಗೆ ಇಳಿಯಿತು.

ನಿಮ್ಮ ಮುದುಕಿಯೂ ಅದನ್ನೇ ಮಾಡಲಿ. ಪಿಡುಗಿನ ಮೂರನೇ ವಾರ ಅವಳು ಊರಿನ ಚೌಕದಲ್ಲಿ ನಿಂತು, ಇಲ್ಲಿರುವವರೆಲ್ಲ ಇವತ್ತಿನಿಂದ ಸಾವಿನ ದೇವರ ಪೂಜಾರಿಗಳು ಎಂದು ಸಾರಲಿ. ಶವ ತೊಳೆಯುವುದು, ಕಾಸು ಇಡುವುದು, ಹೆಸರು ಬರೆಯುವುದು, ಎಲ್ಲವನ್ನೂ ಜೋರಾಗಿ ಹೇಳಿಕೊಡಲಿ. ಇಷ್ಟು ವರ್ಷ ಅವಳನ್ನು ಮದುವೆಗೆ ಕರೆಯದವರು ಈಗ ಅವಳ ಕೆಲಸ ಕಲಿಯಬೇಕು. ಸೂರ್ಯದೇವನ ಕ್ಲೆರಿಕ್ ಕೂಡ.

ಒಂದು ನಿಯಮ ಮಾತ್ರ ಕಡ್ಡಾಯವಾಗಿ ಇಡಿ: ಶವವನ್ನು ಒಬ್ಬರೇ ಹೊರಬಾರದು. ಪಾರ್ಸಿಗಳ ಧರ್ಮಗ್ರಂಥವಾದ ವೆಂದಿದಾದ್‌ನಲ್ಲಿ ಈ ಕಟ್ಟಳೆ ಇದೆ. ಒಬ್ಬಂಟಿಯಾಗಿ ಹೊತ್ತವನಿಗೆ ಅಂಟಿದ ಮೈಲಿಗೆ ಎಂದೂ ಹೋಗದು. ಶವದ ಹಿಂದೆ ನಡೆಯುವವರೂ ಇಬ್ಬಿಬ್ಬರಾಗಿ, ನಡುವೆ ಒಂದು ಬಿಳಿ ಬಟ್ಟೆ ಹಿಡಿದು ನಡೆಯುತ್ತಾರೆ. ನಿಮ್ಮ ಆಟದಲ್ಲಿ ಇದರಿಂದ ದೊಡ್ಡ ಉಪಯೋಗವಿದೆ. ಜನ ಸಾಯುತ್ತಾ ಹೋದ ಹಾಗೆ ಜೋಡಿಗಳು ಒಡೆಯುತ್ತವೆ, ಯಾರ ಜೊತೆ ಯಾರು ಎಂಬುದು ದಿನವೂ ಬದಲಾಗುತ್ತದೆ. ಕಲ್ಲು ಬೀಸಿದವನೇ ಆ ಹುಡುಗನ ಜೊತೆ ಚಟ್ಟದ ಇನ್ನೊಂದು ತುದಿ ಹಿಡಿಯಬೇಕಾಗುತ್ತದೆ.

ಉತ್ತರ 3 ಬರೆದವರು

ಇದಕ್ಕೆ ನಿಯಮ ಬೇಕಿದ್ರೆ: ಕ್ಲೆರಿಕ್‌ಗಳಿಗೆ ಸಮಾಧಿಯ ಡೊಮೇನ್ (ಕ್ಲೆರಿಕ್ ಆರಿಸಿಕೊಳ್ಳೋ ಶಕ್ತಿಗಳ ಒಂದು ಕಟ್ಟು) ಅಂತ 2017ರಲ್ಲಿ ಬಂತು, ಅದನ್ನೇ ಆ ಮುದುಕಿಗೆ ಕೊಡಿ. ಸಾಯ್ತಿರೋರನ್ನ ಹಿಡಿದು ನಿಲ್ಲಿಸೋ ಸಣ್ಣ ಮಂತ್ರ ಬೇರೆಯವರಿಗೆ ಮುಟ್ಟಿದ್ರೆ ಮಾತ್ರ ಆಗುತ್ತೆ, ಇವರಿಗೆ 30 ಅಡಿ ದೂರದಿಂದ ಆಗುತ್ತೆ. ಪ್ರಾಣ ಸೊನ್ನೆಗೆ ಇಳಿದವರಿಗೆ ಚಿಕಿತ್ಸೆ ಮಾಡಿದ್ರೆ ದಾಳ ಉರುಳಿಸೋದೇ ಬೇಡ, ಪ್ರತಿ ದಾಳಕ್ಕೂ ಗರಿಷ್ಠ ಅಂಕ ಸಿಗುತ್ತೆ. ಅಂದ್ರೆ ಸಾವಿನ ಹೊಸ್ತಿಲಲ್ಲಿ ಇರೋರನ್ನ ವಾಪಸ್ ಎಳೆಯೋದ್ರಲ್ಲಿ ಇವರಷ್ಟು ಗಟ್ಟಿಗರು ಕಡಿಮೆ. ಇನ್ನೂ ಹೊತ್ತಾಗಿಲ್ಲ ಅಂದ್ರೆ ತಮ್ಮ ದೇವರ ಎದುರೇ ಅಡ್ಡ ನಿಲ್ತಾರೆ.

ಪಿಡುಗಿನ ಭಾಗದಲ್ಲಿ ಊರವರು ಪೂಜಾರಿಗಳಾದಾಗ ಪೂರ್ತಿ ಶಕ್ತಿ ಕೊಡಬೇಡಿ. ಉಪ್ಪು ಮತ್ತು ಕಾಸಿನ ಮಂತ್ರ ಒಂದನ್ನೇ ಕೊಡಿ, ಅದೂ ಇಬ್ಬರು ಸೇರಿ ಮಾಡಿದ್ರೆ ಮಾತ್ರ ಫಲಿಸೋ ಹಾಗೆ. ಅದನ್ನ ನಿಧಾನ ವಿಧಿಯಾಗಿ ಮಾಡಬಹುದು ಅಂತ ನಿಯಮದಲ್ಲೇ ಇರೋದ್ರಿಂದ ಆಟದ ತೂಕ ಕೆಡಲ್ಲ. ಶವಕ್ಕೆ ಸುಮಾರು ಹತ್ತು ನಿಮಿಷ ಹಿಡಿಯುತ್ತೆ. ಒಂದು ರಾತ್ರೀಲಿ ಎಷ್ಟು ಜೋಡಿ, ಎಷ್ಟು ಶವ ಅಂತ ಆಟಗಾರರೇ ಕೂತು ಲೆಕ್ಕ ಹಾಕಲಿ. ಯಾವ ಮನೆಗೆ ಮೊದಲು ಹೋಗಬೇಕು ಅನ್ನೋದನ್ನ ನೀವು ಹೇಳಬೇಡಿ, ಅವರಿಗೇ ಬಿಡಿ.